ರೊಟ್ಟಿ ಬಡಿಯುವ ಸಪ್ಪಳದಲ್ಲಿ ಆರಿಸಿದ ಸ್ಪೀಕರ್

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಹೊತ್ತಿನಲ್ಲಿ ನಮ್ಮವರು ಬೀದರಿನ ಒಂದು ಶಾಲೆಯಲ್ಲಿ ಮಾಸ್ತರರಾಗಿದ್ದರು, ಮತ್ತು ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಇದನ್ನು ಈಗ ಹೇಳಿದರೆ ಮೊಮ್ಮಕ್ಕಳು ನಂಬುವುದಿಲ್ಲ. ಅವರ ವಾರಿಗೆಯವರಲ್ಲಿ ಅದು ವಿಶೇಷವೇನಲ್ಲ. ನಿಜಾಮನ ಕಾಲದ ಶಾಲೆಯಲ್ಲಿ ಲೆಕ್ಕ, ಚರಿತ್ರೆ, ಭೂಗೋಳ ಎಲ್ಲವನ್ನೂ ಉರ್ದುವಿನಲ್ಲಿ ಕಲಿತು, ಉರ್ದುವಿನಲ್ಲೇ ಕಲಿಸುತ್ತಿದ್ದವರು. ಮನೆಯಲ್ಲಿ ತಾಯಿಯ ಜೊತೆ ಕನ್ನಡ, ಬಜಾರಿನಲ್ಲಿ ದಖನಿ, ತರಗತಿಯಲ್ಲಿ ಉರ್ದು. ನಾನು ಔರಾದಿನವಳು, ನನ್ನ ಅಷ್ಟಿಷ್ಟು ಓದು ಮರಾಠಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಕನ್ನಡದಲ್ಲೇ ಮಾತಾಡುತ್ತಿದ್ದೆವು, ಕನ್ನಡದಲ್ಲೇ ಮುನಿಸಿಕೊಳ್ಳುತ್ತಿದ್ದೆವು. ಕನ್ನಡದಲ್ಲಿ ಒಂದು ಲಗ್ನಪತ್ರಿಕೆ ಬಂದರೆ ಮಾತ್ರ ಓದಿಸಲು ಪಕ್ಕದ ಮನೆಗೆ ಒಯ್ಯಬೇಕಾಗಿತ್ತು.

ಅವರು ತೀರಿಕೊಂಡು ಒಂದು ಮಳೆಗಾಲ ಕಳೆದಿದೆ. ಮನೆಗೆ ಬಂದವರು ಅವರ ಶಿಸ್ತಿನ ಬಗ್ಗೆ, ಇಸ್ತ್ರಿ ಮಾಡಿದ ಅಂಗಿಯ ಬಗ್ಗೆ ಮಾತಾಡುತ್ತಾರೆ. ನಾನು ತಲೆಯಾಡಿಸುತ್ತೇನೆ. ನನ್ನ ಮನಸ್ಸು ಮಾತ್ರ ಅವರು ಒಂದು ಸ್ಪೀಕರ್ ಆರಿಸಲು ಪಟ್ಟ ಪಾಡಿಗೇ ಹೋಗುತ್ತದೆ. ಅದನ್ನು ಬರೆದಿಡುತ್ತೇನೆ. ಬರೆಯುವಷ್ಟು ಹೊತ್ತಾದರೂ ಅವರು ಮನೆಯಲ್ಲಿ ಓಡಾಡಿದಂತೆ ಇರುತ್ತದೆ.

ಒಂದು ಸಂಜೆ ಶಾಲೆಯಿಂದ ಬಂದವರು ಟೋಪಿ ತೆಗೆಯದೆ ಕಟ್ಟೆಯ ಮೇಲೆ ಕುಳಿತರು. ಹೆಡ್‌ಮಾಸ್ತರರು ಕರೆದು ಹೇಳಿದ್ದರಂತೆ: ಬೇಸಿಗೆ ರಜೆ ಮುಗಿದ ಮೇಲೆ ಅವರ ತರಗತಿ ಕನ್ನಡದಲ್ಲಿ ನಡೆಯಬೇಕು. ಮೇಲಿನ ಸಾಹೇಬರು ಬಂದು ಹಿಂದೆ ಕುಳಿತು ಕೇಳುತ್ತಾರೆ. ಆಗದಿದ್ದರೆ ಕಚೇರಿಯ ಮೇಜು ಕೊಡುತ್ತಾರೆ, ನೌಕರಿ ಎಲ್ಲಿಗೂ ಹೋಗುವುದಿಲ್ಲ.

“ನೌಕರಿ ಹೋಗಂಗಿಲ್ಲಂದ್ರ ಮತ್ಯಾಕ ಮಾರಿ ಸಣ್ಣ ಮಾಡಿ?” ಎಂದರು ಅತ್ತೆ.

“ಅವ್ವಾ, ಮೇಜಿನ ಮುಂದ ಮಕ್ಕಳು ಕೂಡಂಗಿಲ್ಲ,” ಎಂದರು ಇವರು.

ಮಕ್ಕಳಿಗೆ ಕಲಿಸುವುದು ತಮ್ಮ ಮಗನಿಗೆ ಊಟದ ಹಾಗೆ ಎಂದು ಅತ್ತೆಗೆ ಗೊತ್ತಿತ್ತು.

ಅಕ್ಷರಗಳು ಕಷ್ಟವಾಗಲಿಲ್ಲ. ಪಕ್ಕದ ಮನೆಯ ಮಗುವಿನ ಪುಸ್ತಕ ತಂದು ಇವರು ಕಲಿತರು. ಇವರು ಕಲಿಯುವುದನ್ನು ನೋಡಿ ನಾನೂ ಕಲಿತೆ. ಅವರಿಗೆ ಹೆದರಿಕೆ ಇದ್ದದ್ದು ವಾಕ್ಯದ್ದು. ಪುಸ್ತಕದ ಕನ್ನಡವನ್ನು ಬಾಯಿಬಿಟ್ಟು, ತಡವರಿಸದೆ, ಮಕ್ಕಳ ಮುಂದೆ ಹೇಗೆ ಆಡುವುದು? ಹಾಗೆ ಮಾತಾಡುವವರು ನಮ್ಮ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಹಾಗೆ ಮಾತಾಡುತ್ತಿದ್ದದ್ದು ರೇಡಿಯೋ ಮಾತ್ರ.

ರೇಡಿಯೋ ನಮ್ಮ ಮನೆಯಲ್ಲೇ ಇತ್ತು. ಆದರೆ ಅದು ಮಾವನದು. ಮಾವ ಬೇಳೆಕಾಳಿನ ವ್ಯಾಪಾರದವರು. ಸಂಜೆಯಾದರೆ ಪಡಸಾಲೆಯಲ್ಲಿ ಅವರ ಜೊತೆಯ ವ್ಯಾಪಾರಿಗಳು ಕೂಡುತ್ತಿದ್ದರು. ರೇಡಿಯೋ ಹಾಡುತ್ತಿತ್ತು, ಅವರೆಲ್ಲ ತೊಗರಿಯ ಮಾತಾಡುತ್ತಿದ್ದರು, ಎರಡೂ ಒಟ್ಟಿಗೆ ನಡೆಯುತ್ತಿದ್ದವು. ಮಾವನೆದುರು ಇವರು ಕುಳಿತು ಮಾತಾಡಿದ್ದನ್ನೇ ನಾನು ನೋಡಿಲ್ಲ. ಹಿರಿಯರಿಗೆ ‘ಸುಮ್ಮನಿರಿ’ ಎನ್ನುವುದಂತೂ ದೂರದ ಮಾತು. ಬಾಗಿಲ ಪಕ್ಕ ನಿಂತು, ಕಿವಿಯನ್ನು ಆ ಕಡೆ ಚಾಚಿ, ನಾಲ್ಕು ಮಾತು ಹಿಡಿದು ನಾಲ್ಕು ಬಿಟ್ಟು ಬರುತ್ತಿದ್ದರು.

ಆಗ ಅವರಿಗೆ ಹೊಳೆದದ್ದು ಎರಡನೆಯ ಸ್ಪೀಕರ್. ಆ ರೇಡಿಯೋದ ಬೆನ್ನಿಗೆ ತಂತಿ ಸಿಕ್ಕಿಸಿ, ಬೇರೆ ಕೋಣೆಯಲ್ಲಿ ಇನ್ನೊಂದು ಸ್ಪೀಕರ್ ಪೆಟ್ಟಿಗೆ ಇಡಬಹುದಾಗಿತ್ತು. ಪಡಸಾಲೆಯಲ್ಲಿ ಬಂದದ್ದೇ ಅಲ್ಲೂ ಬರುತ್ತದೆ. ಬೇರೆ ಕೋಣೆ ಎಂದರೆ ನಮ್ಮಲ್ಲಿ ಇದ್ದದ್ದು ಕಾಳಿನ ಚೀಲ ತುಂಬಿದ ಕೋಣೆ ಮತ್ತು ಅಡುಗೆಮನೆ. ಗಂಡಸರು ಬರದ ಜಾಗ ಅಡುಗೆಮನೆ. ಅಲ್ಲೇ ಇಡುವುದೆಂದಾಯಿತು.

ಅತ್ತೆ ನಕ್ಕರು. “ಅಡಿಗಿ ಮನ್ಯಾಗ ಏನ್ ಕೇಳ್ತಿಯಪಾ? ಆ ಹೊತ್ತಿಗಿ ನಾವು ರೊಟ್ಟಿ ಬಡೀತಿರ್ತೀವಿ. ಅದನ್ನ ಕೇಳ್ತಿ.”

ಆ ಮಾತನ್ನು ಆಗ ನಾವಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಊರ ನಡುವಿನ ಗೋಪುರ ಚೌಬಾರಾದ ಹತ್ತಿರ ಒಂದು ರೇಡಿಯೋ ದುಕಾನು ಇತ್ತು. ಅದರ ಮಾಲೀಕ ಸಾಹೇಬರು ಇವರ ಜೊತೆ ಶಾಲೆಯಲ್ಲಿ ಓದಿದ ಗೆಳೆಯರು, ದೊಡ್ಡ ಮೈ, ಇನ್ನೂ ದೊಡ್ಡ ನಗೆ. ಅವರು ತೇಗದ ಒಂದು ಭಾರೀ ಪೆಟ್ಟಿಗೆ ತೋರಿಸಿದರಂತೆ. ಮುಂದೆ ಜರಿಯ ಹಾಗೆ ಹೊಳೆಯುವ ಬಟ್ಟೆ. ಒಂದು ಹಾಡು ಹಚ್ಚಿದರೆ ತಬಲಾ ಎದೆಯೊಳಗೆ ಬಾರಿಸಿದ ಹಾಗೆ ಕೇಳಿಸಿತಂತೆ. ಇವರು ಸೋತುಹೋದರು. “ಒಯ್ಯಿರಿ ಮಾಸ್ಟರ್ ಸಾಬ್, ಮನಿಯಾಗ ಇಟ್ಟು ನೋಡ್ರಿ. ಪಸಂದ್ ಬರ್ಲಿಲ್ಲಂದ್ರ ವಾಪಸ್ ತರ್ರಿ,” ಎಂದು ಗೆಳೆಯರು ಕೊಟ್ಟು ಕಳಿಸಿದರು.

ನಮ್ಮ ಮನೆ ಬೀದರಿನ ಕೆಂಪು ಕಲ್ಲಿನದು. ಗೋಡೆ ದಪ್ಪ, ಅಡುಗೆಮನೆಯ ಗೋಡೆಯಲ್ಲಿ ಆಳವಾದ ಒಂದು ಮಾಡ. ತುಪ್ಪದ ಗಡಿಗೆ ಇರುತ್ತಿದ್ದ ಆ ಗೂಡನ್ನು ಖಾಲಿ ಮಾಡಿ ಪೆಟ್ಟಿಗೆಯನ್ನು ಒಳಗೆ ತಳ್ಳಿದೆವು. ಅಳತೆಗೆ ಮಾಡಿಸಿದ ಹಾಗೆ ಕುಳಿತಿತು. ಹಾಡು ಬಂದಾಗ ಅತ್ತೆ ಹಿಟ್ಟಿನ ಕೈಯನ್ನು ಗಾಳಿಯಲ್ಲೇ ನಿಲ್ಲಿಸಿ ಕೇಳಿದರು. ನಾನು ಔರಾದಿನಲ್ಲಿ ಇಂಥದ್ದನ್ನು ಕೇಳಿರಲಿಲ್ಲ. ಇವರು ಬಾಗಿಲಲ್ಲಿ ನಿಂತು, ತಾವೇ ಹಾಡಿದವರ ಹಾಗೆ ನಮ್ಮನ್ನು ನೋಡುತ್ತಿದ್ದರು.

ಆಮೇಲೆ ಕನ್ನಡದ ಮಾತು ಶುರುವಾಯಿತು, ನಾವು ರೊಟ್ಟಿಗೆ ಕೈ ಹಚ್ಚಿದೆವು. ಜೋಳದ ರೊಟ್ಟಿ ಬಡಿಯುವ ಮನೆಯಲ್ಲಿ ಹುಟ್ಟಿದವರಿಗೆ ಆ ಸಪ್ಪಳ ಗೊತ್ತು. ಎರಡು ಜನ ಎದುರುಬದುರು ಕುಳಿತು ಬಡಿದರೆ ನೆಲವೇ ದನಿಗೂಡಿಸುತ್ತದೆ. ಆ ದಪ್ಪ ಸಪ್ಪಳದ ಅಡಿಯಲ್ಲಿ ಪೆಟ್ಟಿಗೆಯ ದಪ್ಪ ದನಿ ಮುಳುಗಿಹೋಯಿತು. ಯಾರೋ ನೆಲದಡಿಯ ಕಾಳಿನ ಹಗೇವಿನೊಳಗೆ ಇಳಿದು ಮಾತಾಡಿದ ಹಾಗೆ ಗುಂ ಗುಂ ಎನ್ನುತ್ತಿತ್ತು, ಒಂದು ಶಬ್ದ ತಿಳಿಯಲಿಲ್ಲ. ದನಿ ಏರಿಸುವ ಗುಂಡಿ ಇದ್ದದ್ದು ಪಡಸಾಲೆಯ ರೇಡಿಯೋಕ್ಕೆ. ಇಲ್ಲಿ ಕೇಳಲೆಂದು ಅಲ್ಲಿ ಏರಿಸಿದರೆ ಮಾವನ ಬೈಠಕ್ ಎದ್ದು ಹೋಗಬೇಕಾಗುತ್ತಿತ್ತು.

“ಜರಾ ರೊಟ್ಟಿ ನಿಂದರಸ್ತೀರೇನು?” ಎಂದರು ಇವರು.

ಅತ್ತೆ ತಲೆಯೆತ್ತಲೂ ಇಲ್ಲ. “ರೊಟ್ಟಿ ನಿಂದರ್ಸಿ ಸುದ್ದಿ ಕೇಳು. ಆಮ್ಯಾಲ ಹಸಿವಾದ್ರ ಸುದ್ದೀನ ಪಲ್ಯಾದ ಕೂಡ ತಿನ್ನು.”

ಇವರಿಗೆ ನಗು ಬಂತು. ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ. ಆದರೆ ಆ ದಿನದಿಂದ ಅವರು ನಮ್ಮ ಕೈ ನಿಲ್ಲಿಸಿ ಎಂದು ಒಮ್ಮೆಯೂ ಹೇಳಲಿಲ್ಲ. ಇದು ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ಆ ಕಾಲದಲ್ಲಿ ಮನೆಯ ಗಂಡಸು ನಿಲ್ಲಿಸಿ ಎಂದರೆ ಮನೆಯೇ ನಿಲ್ಲುತ್ತಿತ್ತು. ಇವರು ಉಂಡು ಕೈ ತೊಳೆಯುತ್ತ ಹೇಳಿದ್ದು ಇಷ್ಟೇ: “ಅವ್ವ ಹೇಳಿದ್ದು ಖರೇ ಅದ. ದುಕಾನದಾಗ ಯಾರೂ ರೊಟ್ಟಿ ಬಡೀತಿರಲಿಲ್ಲ. ನಾ ತಪ್ಪು ಜಾಗಾದಾಗ ನಿಂತು ಕೇಳೇನಿ.”

ಪೆಟ್ಟಿಗೆ ದುಕಾನಿಗೆ ವಾಪಸ್ ಹೋಯಿತು. ಮುಂದಿನ ಪ್ರಯತ್ನ ಭಾಲ್ಕಿಯದು. ಅತ್ತೆಯ ತಮ್ಮ ಅಲ್ಲಿ ಹತ್ತಿಯ ವ್ಯಾಪಾರ ಮಾಡುತ್ತಿದ್ದರು. ಅವರ ಹತ್ತಿರ ಒಂದು ಸ್ಪೀಕರ್ ಇದೆ, ಮಾತು ಚೊಕ್ಕವಾಗಿ ಕೇಳುತ್ತದೆ ಎಂದು ಯಾರೋ ಹೇಳಿದರು. ರೈಲಿನಲ್ಲಿ ಮೂವರೂ ಹೋದೆವು. ಅದು ತಗಡಿನ ತುತ್ತೂರಿ, ಸಂತೆಯಲ್ಲಿ ಧಾರಣೆ ಕೂಗಲು ಇಟ್ಟದ್ದು. ಹಚ್ಚಿದ ಕೂಡಲೇ ಹಿತ್ತಲಿನ ಎಮ್ಮೆ ಗೂಟ ಕಿತ್ತುಕೊಂಡು ನಿಂತಿತು. ಮಾತು ತಿಳಿಯುತ್ತಿತ್ತು, ನಿಜ. ಆದರೆ ಮಳೆಯ ಸುದ್ದಿ ಹೇಳಿದರೂ ನಮ್ಮನ್ನು ಬೈದ ಹಾಗೆಯೇ ಇತ್ತು.

“ಹ್ಯಾಂಗದ ಅಳಿಯಾ?” ಎಂದರು ಸೋದರಮಾವ, ಹೆಮ್ಮೆಯಿಂದ.

“ಭಾರೀ ಅದರಿ ಮಾಮಾ. ಆದ್ರ ನಮ್ಮ ಮನ್ಯಾಗ ಎಮ್ಮಿ ಇಲ್ಲರಿ, ಎಬ್ಬಸ್ಲಿಕ್ಕೆ.”

ಅತ್ತೆ ತಮ್ಮನ ಮನೆಯೆಂಬ ದಾಕ್ಷಿಣ್ಯವನ್ನೂ ನೋಡದೆ ನಕ್ಕರು. ರೈಲಿನಲ್ಲಿ ಬರುವಾಗಲೂ ನೆನೆನೆನೆದು ನಕ್ಕರು. ಇವರು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು. ರಜೆ ಅರ್ಧ ಕಳೆದಿತ್ತು. ಬೀದರ ಸ್ಟೇಷನ್ನು ಹತ್ತಿರ ಬಂದಾಗ ನನ್ನ ಕಡೆ ತಿರುಗಿ, “ನಾಳಿ ನನ್ನ ಕೂಡ ದುಕಾನಕ್ಕ ಬರ್ತೀಯೇನು?” ಎಂದು ಕೇಳಿದರು.

ಮರುದಿನ ಸಂಜೆ ಅವರು ಹಿಟ್ಟು ನಾದುವ ನಮ್ಮ ಅಗಲವಾದ ಪರಾತವನ್ನು ಧೋತರದ ತುಂಡಿನಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡರು. ನಾದಿದ ಹಿಟ್ಟು ಒಂದು ಡಬ್ಬಿಯಲ್ಲಿ, ಒಣಹಿಟ್ಟು ಒಂದು ಪುಡಿಕೆಯಲ್ಲಿ. ನಾನು ಸೆರಗು ಹೊದ್ದು ಹಿಂದೆ ನಡೆದೆ. ಓಣಿಯವರು ನಾವು ಯಾವುದೋ ಬಾಣಂತಿಯ ಮನೆಗೆ ಹೊರಟಿದ್ದೇವೆ ಎಂದುಕೊಂಡಿರಬೇಕು. ದುಕಾನಿನ ಹಿಂಭಾಗದಲ್ಲಿ ಪರದೆಯ ಆಚೆ ಸಾಹೇಬರ ಮನೆ. ಅವರ ಬೇಗಂ ನನ್ನನ್ನು ಒಳಗೆ ಕರೆದು ಚಾಪೆ ಹಾಸಿದರು. ನಾನು ಪರಾತ ಇಟ್ಟುಕೊಂಡು ಕುಳಿತೆ.

“ಮಾಸ್ಟರ್ ಸಾಬ್, ಇದು ರೇಡಿಯೋ ದುಕಾನ್ ಅದರಿ,” ಎಂದು ಸಾಹೇಬರು ಹೊರಗಿನಿಂದ ಕೂಗಿದರು. “ಖಾನಾವಳಿ ಎದುರಿಗಿ ಅದ.”

“ಖಾನಾವಳಿಯಾಗ ಸ್ಪೀಕರ್ ಮಾರಂಗಿಲ್ಲಲ್ಲಪಾ. ಎಲ್ಲಾ ಪೆಟಗಿ ಸಾಲಾಗಿ ಇಡು. ಸಪ್ಪಳ ಮಾತ್ರ ಏರಸಬ್ಯಾಡ. ನಮ್ಮಪ್ಪ ಇಡೋದು ಇಷ್ಟೇ ಸಪ್ಪಳ.”

ಅದು ರೇಡಿಯೋದಲ್ಲಿ ರೈತರಿಗೆ ಮಾತು ಬರುವ ಹೊತ್ತು. ಶೇಂಗಾದ ಬಿತ್ತನೆಯ ಬಗ್ಗೆ ಯಾರೋ ಮಾತಾಡುತ್ತಿದ್ದರು. ಇವರು ಪರದೆಯ ಅಂಚಿನಲ್ಲಿ, ನಮ್ಮ ಅಡುಗೆಮನೆಯಲ್ಲಿ ಅವರು ಕೂಡಬೇಕೆಂದಿದ್ದಷ್ಟೇ ದೂರದಲ್ಲಿ, ಕಣ್ಣು ಮುಚ್ಚಿ ನಿಂತು, “ಬಡಿ,” ಎಂದರು. ನಾನು ನಾಚಿಕೆಯಿಂದ ಮೆಲ್ಲಗೆ ತಟ್ಟಿದೆ.

“ಹಂಗಲ್ಲ. ಅವ್ವನ ಕೂಡ ಜಗಳಾಡಿದ ದಿನ ಬಡೀತಿಯಲ್ಲ, ಹಂಗ ಬಡಿ.”

ಬೇಗಂ ಪಕ್ಕದಲ್ಲಿ ಬಿದ್ದು ಬಿದ್ದು ನಕ್ಕರು. ನನಗೂ ಹುರುಪು ಬಂತು, ಬಡಿದೆ. ಸಾಹೇಬರು ಒಂದು ಪೆಟ್ಟಿಗೆಗೆ ತಂತಿ ಸಿಕ್ಕಿಸಿದರು. ಇವರು ಕೇಳಿದ್ದನ್ನು ಕೇಳಿದ ಹಾಗೇ ಬಾಯಲ್ಲಿ ಹೇಳುತ್ತ ಹೋದರು: “ಬೀಜಗಳನ್ನು... ಮೊದಲು... ಆಮೇಲೆ ತಿಳೀವಲ್ದು. ಮುಂದಿಂದು ಹಚ್ಚು.” ಸಾಹೇಬರು ತಂತಿ ಕಿತ್ತು ಮುಂದಿನದಕ್ಕೆ ಹಚ್ಚಿದರು. ಹೊಳೆಯುವ ಬಟ್ಟೆಯವು ಒಂದೊಂದಾಗಿ ಸೋತವು. ಹಾಡಿನಲ್ಲಿ ಯಾವುದು ಹೆಚ್ಚು ಚೆಂದವಾಗಿತ್ತೋ ಅದು ನನ್ನ ರೊಟ್ಟಿಯ ಮುಂದೆ ಬೇಗ ಮುಳುಗುತ್ತಿತ್ತು. ಕೊನೆಗೆ ಮೂಲೆಯಲ್ಲಿದ್ದ, ಬಣ್ಣವನ್ನೂ ಹಚ್ಚದ, ಗಿಡ್ಡನೆಯ ಒಂದು ಪೆಟ್ಟಿಗೆ ಉಳಿಯಿತು. ಅದನ್ನು ಸಾಹೇಬರು ಮನಸ್ಸಿಲ್ಲದೆ ಹಚ್ಚಿದರು.

ಅದರ ದನಿ ತೆಳ್ಳಗೆ, ನೆಗಡಿಯಾದವರ ಹಾಗೆ ಇತ್ತು. ಆದರೆ ಇವರ ಬಾಯಿ ನಿಲ್ಲಲಿಲ್ಲ. “ಬೀಜಗಳನ್ನು ಸಾಲಿನಿಂದ ಸಾಲಿಗೆ ಅಂತರವಿಟ್ಟು ಬಿತ್ತಬೇಕು. ಹೊಲದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಬೇಕು.” ಒಂದೂ ಮಾತು ಬಿಡದೆ ಹೇಳುತ್ತ ಹೋದರು. ಅಂಥ ಕನ್ನಡ ಅವರ ಬಾಯಿಂದ ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. ಯಾರೋ ಹೊಸಬರು ಬಂದು ನಿಂತಂತೆ ಕಂಡಿತು. ನನ್ನ ಕೈ ತಾನಾಗಿ ನಿಂತಿತು. ಅವರು ಕಣ್ಣು ತೆರೆದು, “ಯಾಕ ನಿಂದರಿಸ್ದಿ? ಬಡಿ,” ಎಂದರು.

“ಇದ್ರಾಗ ಹಾಡಿಂದು ಮಜಾ ಬರಲ್ಲ ನೋಡ್ರಿ,” ಎಂದರು ಸಾಹೇಬರು, ಸ್ವಲ್ಪ ಬೇಜಾರಿನಿಂದಲೇ.

“ಹಾಡು ಪಡಸಾಲ್ಯಾಗ ಅದ. ನನಗ ಮಾತು ಬೇಕು.”

ನಾನು ತಟ್ಟಿದ ರೊಟ್ಟಿಗಳನ್ನು ಬೇಗಂ ತಮ್ಮ ಒಲೆಯ ಮೇಲೆ ಬೇಯಿಸಿಬಿಟ್ಟರು. ಬೆಳ್ಳುಳ್ಳಿ ಖಾರ ಹಚ್ಚಿಕೊಂಡು ಸಾಹೇಬರು ಅಲ್ಲೇ ನಿಂತು ತಿಂದರು. ಮುಂದೆ ಬಹಳ ವರ್ಷ ನಮ್ಮವರು ಆ ದಾರಿಯಲ್ಲಿ ಹೋದಾಗಲೆಲ್ಲ, “ಮಾಸ್ಟರ್ ಸಾಬ್, ಹೊಸ ಸ್ಪೀಕರ್ ಬಂದಾವ್, ಭಾಭೀಗ ಹಿಟ್ಟು ನಾದಲಿಕ್ಕ ಹೇಳ್ರಿ!” ಎಂದು ಕೂಗುತ್ತಿದ್ದರು.

ಈ ಸಲ ಮಾಡದಲ್ಲಿ ಇಡಲಿಲ್ಲ. ಆಳದ ಗೂಡು ದನಿಯನ್ನು ದಪ್ಪ ಮಾಡುತ್ತದೆ ಎಂದು ಅವರೇ ಇಟ್ಟು ತೆಗೆದು, ಇಟ್ಟು ತೆಗೆದು ಕಂಡುಕೊಂಡರು. ತಮ್ಮ ಉರ್ದು ಪುಸ್ತಕಗಳ ಹಲಗೆಯನ್ನು ಕೋಣೆಯಿಂದ ಕಿತ್ತು ಅಡುಗೆಮನೆಯ ಗೋಡೆಗೆ ಹೊಡೆದರು. ಹೊಗೆ ತಾಗದ ಕಡೆ ಪುಸ್ತಕಗಳು, ನಡುವೆ ಪೆಟ್ಟಿಗೆ. ಒಳಗೆ ಕೂಡಬೇಕಾದರೆ ಕಾಲು ತೊಳೆದು ಬರಬೇಕು, ಒಲೆಯ ಈ ಕಡೆಗೇ ಇರಬೇಕು ಎಂದು ಅತ್ತೆ ಕರಾರು ಹಾಕಿದರು. ಇವರು ಮಗುವಿನ ಹಾಗೆ ಕಾಲು ತೊಳೆದು ಬಂದು ಗೋಡೆಗೆ ಒರಗುತ್ತಿದ್ದರು.

ಪಡಸಾಲೆಯಲ್ಲಿ ಇದು ಮಾತಾಗದೆ ಇರಲಿಲ್ಲ. “ಏನ್ರಿ ಸಾವ್ಕಾರ್ರ, ಮಾಸ್ತರ ಅಡಿಗಿ ಮನಿ ಸೇರ್ಯಾರಂತ. ನಾಳಿ ಹಪ್ಪಳ ಮಾಡ್ತಾರೇನ್ರಿ?” ಎಂದು ಒಬ್ಬರು ಕೆಣಕಿದ್ದು ಗೋಡೆಯಾಚೆಯಿಂದ ನಮಗೆ ಕೇಳಿಸಿತು. ಇವರ ಮುಖ ಕೆಂಪಾಯಿತು. ಮಾವನ ದನಿ ಬಂತು: “ಮಾಡ್ಲಿ ಬಿಡ್ರಿ. ನೀವು ಹ್ಯಾಂಗೂ ದಿನಾ ಬರ್ತೀರಿ, ತಿನ್ನಾಕ ಆಯ್ತು.” ಅಷ್ಟೇ ಅಲ್ಲ, ಕನ್ನಡದ ಹೊತ್ತಾದರೆ ಮಾವ ಮಾತಿನ ನಡುವೆಯೇ ಕೈ ಚಾಚಿ, ಯಾರಿಗೂ ಏನೂ ಹೇಳದೆ, ರೇಡಿಯೋದ ಮುಳ್ಳನ್ನು ಕನ್ನಡಕ್ಕೆ ತಿರುಗಿಸುತ್ತಿದ್ದರು. ಅಪ್ಪ ಮಗ ಈ ವಿಷಯ ಒಮ್ಮೆಯೂ ಮಾತಾಡಲಿಲ್ಲ.

ಹೀಗೆ ಅವರು ಕಲಿತರು. ರೇಡಿಯೋ ಒಂದು ವಾಕ್ಯ ಹೇಳಿದರೆ ಅದರ ಬೆನ್ನಿಗೆ ಅವರೂ ಹೇಳುತ್ತಿದ್ದರು. ಸ್ವಲ್ಪ ದಿನವಾದ ಮೇಲೆ ರೇಡಿಯೋ ಮುಗಿದ ನಂತರ ನಮಗೇ ಪಾಠ ಮಾಡತೊಡಗಿದರು. ಭಾಗಾಕಾರ, ನದಿಗಳು, ಗ್ರಹಣ. ಒಂದು ಸಂಜೆ ಗ್ರಹಣದ ಪಾಠವನ್ನು ಅಚ್ಚುಕಟ್ಟಾಗಿ, ಒಂದೂ ತಡವರಿಕೆ ಇಲ್ಲದೆ ಮುಗಿಸಿ ತಾಯಿಯ ಕಡೆ ನೋಡಿದರು.

ಅತ್ತೆ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕುತ್ತ ಹೇಳಿದರು: “ಎಲ್ಲಾ ಕೇಳ್ತಪಾ. ಖರೇ ಹೇಳ್ತೇನಿ, ಪೆಟಗಿ ಹಂಗೇ ಹೇಳ್ದಿ. ಆದ್ರ ಪೆಟಗಿಗಿ ನಾ ಇಲ್ಲಿ ಕುಂತೇನಿ ಅಂತ ಗೊತ್ತಿಲ್ಲ. ನಿನಗ ಗೊತ್ತದ ಅಲ್ಲ?”

ಇವರು ಎದ್ದು ಹೊರಗೆ ಹೋದರು. ಬಿರುಸಾದ ಮಾತಿಗೆ ನೊಂದುಕೊಂಡರೇನೋ ಎಂದು ನಾನು ಹೆದರಿದೆ. ಮರುದಿನ ಅದೇ ಪಾಠವನ್ನು ಮತ್ತೆ ಮಾಡಿದರು. ಶಬ್ದಗಳು ರೇಡಿಯೋದವೇ, ಚೊಕ್ಕ. ಆದರೆ ಈಗ ಪ್ರತಿ ಮಾತಿನ ಕೊನೆಗೂ ತಾಯಿಯ ಮುಖ ನೋಡುತ್ತಿದ್ದರು, ತಿಳಿಯಲಿಲ್ಲ ಎಂದು ಕಂಡರೆ ಬೇರೆ ರೀತಿಯಲ್ಲಿ ಹೇಳುತ್ತಿದ್ದರು. ಎಂದೂ ಶಾಲೆಯ ಮೆಟ್ಟಿಲು ಹತ್ತದ ಅತ್ತೆ ಗ್ರಹಣದ ಪಾಠವನ್ನು ನೀರಿಗೆ ಹೋದಾಗ ಬಾವಿಯ ಹತ್ತಿರ ಎಲ್ಲರಿಗೂ ಹೇಳಿ ಬಂದರು.

ಶಾಲೆ ಶುರುವಾಗಿ ಮಳೆ ಹಿಡಿದ ಮೇಲೆ ಪಾಠ ಕೇಳಲು ಮೇಲಿನ ಸಾಹೇಬರು ಬಂದರು, ಮೈಸೂರು ಕಡೆಯವರು. ಅಂದು ನಡೆದದ್ದನ್ನು ನಮಗೆ ಹೇಳಿದವರು ಹೆಡ್‌ಮಾಸ್ತರರು. ಸಂಜೆ ತಾವೇ ಕೊಡೆ ಹಿಡಿದು ಮನೆಗೆ ಬಂದು ಪಡಸಾಲೆಯಲ್ಲಿ ಮಾವನ ಎದುರು ಕುಳಿತರು. ತಗಡಿನ ಚಾವಣಿಯ ತರಗತಿ. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂಡುತ್ತಲೇ ಮಳೆ ಜೋರಾಯಿತಂತೆ. ಪಕ್ಕದ ತರಗತಿಗಳಲ್ಲಿ ಮಾಸ್ತರರು ಪಾಠ ನಿಲ್ಲಿಸಿ ಮಕ್ಕಳಿಗೆ ಬರೆಯಲು ಕೊಟ್ಟರಂತೆ.

“ನಿಮ್ಮ ಮಗ ನಿಂದರಸಲೇ ಇಲ್ಲರಿ,” ಎಂದರು ಹೆಡ್‌ಮಾಸ್ತರರು. “ಒದರಲೂ ಇಲ್ಲ. ಎಂದಿನ ಹಂಗ ಹೇಳ್ಕೋತ ಹ್ವಾದ್ರು. ಹುಡುಗರು ಜವಾಬು ಕೊಡ್ತಿದ್ದರು. ಸಾಹೇಬರು ಹೊರಗ ಬಂದು ನನಗ ಕೇಳಿದ್ರು, ಇವರು ಯಾವ ಕಡೆಯವರು, ಎಲ್ಲಿ ಓದಿದ್ದಾರೆ ಅಂತ.”

“ನೀವೇನಂದ್ರಿ?” ಎಂದರು ಮಾವ.

“ಇಲ್ಲೇರಿ, ಚೌಬಾರಾದ ಹಿಂದ ಅಂದೆ.”

ಕಚೇರಿಯ ಮೇಜಿನ ಮಾತು ಅಲ್ಲಿಗೆ ಮುಗಿಯಿತು. ಇವರು ಮಾತ್ರ ಅಂದು ಬಹಳ ಸಂತೋಷ ತೋರಿಸಲಿಲ್ಲ. ಒಳಗೆ ಬಂದು ತಾಯಿಯ ಎದುರು ನಿಂತು, “ಅವ್ವಾ, ಮಕ್ಕಳ ಮುಂದೇ ಇಟ್ಟರು ನನ್ನ,” ಎಂದರು. ಅತ್ತೆ, “ಕಾಲ ತೊಕ್ಕೊಂಡಿಯೇನು?” ಎಂದು ಕೇಳಿ ತಲೆ ತಗ್ಗಿಸಿದರು. ಅವರ ಕಣ್ಣು ನಾನು ನೋಡಿದೆ.

ಆಮೇಲೆ ಅವರು ಜಿಲ್ಲೆಯ ಹಲವು ಊರುಗಳಲ್ಲಿ ಕೆಲಸ ಮಾಡಿದರು. ನನ್ನ ತವರು ಔರಾದಿನಲ್ಲೂ ಕೆಲವು ವರ್ಷ ಇದ್ದೆವು. ಹೊಸ ಭಾಷೆ ಕಲಿತೆನೆಂದು ಹಳೆಯದನ್ನು ಅವರು ಕೈಬಿಡಲಿಲ್ಲ. ಕೊನೆಯ ದಿನಗಳಲ್ಲಿ ಮಾತು ಕಡಿಮೆಯಾದಾಗಲೂ ಗುಳಿಗೆ ಎಣಿಸುತ್ತಿದ್ದದ್ದು ಉರ್ದುವಿನಲ್ಲಿ, ನನ್ನನ್ನು ಕರೆಯುತ್ತಿದ್ದದ್ದು ಬೀದರಿನ ಕನ್ನಡದಲ್ಲಿ, ದವಾಖಾನೆಯ ಹುಡುಗಿಗೆ ಔಷಧದ ಚೀಟಿ ಓದಿ ಹೇಳುತ್ತಿದ್ದದ್ದು ಆ ಚೊಕ್ಕ ಕನ್ನಡದಲ್ಲಿ. ಎಲ್ಲವೂ ಅವರವೇ ಆಗಿದ್ದವು.

ಅವರು ಹೋದ ಕೆಲವು ದಿನಗಳ ಮೇಲೆ ಔರಾದಿನ ಕಡೆಯ ಊರು ಡಾಬಕಾದಿಂದ ಒಬ್ಬರು ಬಂದರು. ತಲೆಗೆ ಪಟಗಾ ಸುತ್ತಿದ, ಮೀಸೆ ನರೆತ ರೈತ. ಫೋಟೋದ ಮುಂದೆ ಹೂವಿಟ್ಟು, ಕುರ್ಚಿ ಬೇಡವೆಂದು ನೆಲದ ಮೇಲೆ ಕುಳಿತರು. ಔರಾದಿನಲ್ಲಿ ಇವರ ಹತ್ತಿರ ಕಲಿತವರಂತೆ.

“ನಮ್ಮ ಮನ್ಯಾಗ ಮರಾಠಿರಿ ಅವ್ವಾರ,” ಎಂದರು. “ಸಾಲಿಗಿ ಬಂದಾಗ ನನಗ ಕನ್ನಡ ಒಂದಕ್ಷರ ಬರ್ತಿರಲಿಲ್ಲ. ಭಿಡೆ ಆಗಿ ಎಲ್ಲಾರ್ಕಿಂತ ಹಿಂದ ಹೋಗಿ ಗ್ವಾಡಿಗಿ ಹತ್ತಿ ಕೂಡ್ತಿದ್ದೆ. ಮಾಸ್ತರು ಒಂದಿನಾನೂ ಮುಂದ ಬಾ ಅಂತ ಅನಲಿಲ್ಲರಿ.”

ಫೋಟೋ ನೋಡಿದರು, ನನ್ನನ್ನು ನೋಡಿದರು.

“ಅವರ ಮಾತು ಅಲ್ಲಿಗೇ ಕೇಳ್ತಿತ್ತರಿ,” ಎಂದರು.